ಏರಿನಲ್ಲಿ ಸೀಟ್ ಬೆಲ್ಟ್ ಬಿಗಿದುಕೊಂಡರೆ ಕೆಟ್ಟಿದೆ ಅಂದುಕೊಳ್ಳಬೇಡಿ

ತೋಟದ ಕಡಿದಾದ ದಾರಿಯಲ್ಲಿ ಕಾರು ನಿಲ್ಲಿಸಿದಾಗ ಬೆಲ್ಟ್ ಎಳೆದರೂ ಬರುವುದಿಲ್ಲ ಅಂತ ಕೆಲವರು ಸೀದಾ ಗ್ಯಾರೇಜಿಗೆ ಹೋಗ್ತಾರೆ. ಹೆಚ್ಚಿನ ಕಾರುಗಳಲ್ಲಿ ಬೆಲ್ಟ್ ಸುತ್ತುವ ಸುರುಳಿಯೊಳಗೆ ಒಂದು ಪುಟ್ಟ ಲೋಹದ ಗುಂಡು ಇರುತ್ತದೆ. ಕಾರು ತುಂಬಾ ವಾಲಿದರೆ, ಬ್ರೇಕ್ ಜೋರಾಗಿ ಬಿದ್ದರೆ ಅದು ಸರಿದು ಸುರುಳಿಯನ್ನು ಲಾಕ್ ಮಾಡುತ್ತದೆ. ಬೆಲ್ಟನ್ನು ಪೂರ್ತಿ ಒಳಗೆ ಬಿಟ್ಟು ನಿಧಾನವಾಗಿ ಎಳೆಯಿರಿ. ಬಾರದಿದ್ದರೆ ಕಾರನ್ನು ಸಮತಟ್ಟಿಗೆ ತಂದು ನೋಡಿ. ಅಲ್ಲೂ ಬಿಗಿದೇ ಇದ್ದರೆ ಮಾತ್ರ ರಿಪೇರಿ.

ನಮ್ಮ ಮಳೆಗಾಲದಲ್ಲಿ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ಹೊರಗೆಳೆದು ಕ್ಲಿಪ್ ಹಾಕಿ ನಿಲ್ಲಿಸಿ, ಉಗುರುಬೆಚ್ಚಗಿನ ಸೋಪುನೀರಿನ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಬಿಡಿ. ಬ್ಲೀಚ್ ಮುಟ್ಟಿಸಲೇಬೇಡಿ, ನೂಲು ಸತ್ವ ಕಳೆದುಕೊಳ್ಳುತ್ತದೆ.

ದಪ್ಪ ಜರ್ಕಿನ್ ಮೇಲೆ ಬೆಲ್ಟ್ ಸಡಿಲ ಕೂರುತ್ತದೆ. ಜಿಪ್ ತೆರೆದು, ಕೆಳಪಟ್ಟಿಯನ್ನು ಹೊಟ್ಟೆಗಲ್ಲ, ಸೊಂಟದ ಮೂಳೆಗೆ ತಗ್ಗಿಸಿ ಬಿಗಿ ಮಾಡಿ.

ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಉಬ್ಬುತ್ತದೆ. ಬೆಲ್ಟ್ ಇಲ್ಲದೆ ಮುಂದಕ್ಕೆ ಬಾಗಿದವರಿಗೆ ಅದರ ಏಟೇ ಅಪಾಯ. ಎದೆಗೂ ಸ್ಟೇರಿಂಗ್‌ಗೂ ಕನಿಷ್ಠ 25 ಸೆಂ.ಮೀ. ಅಂತರ ಇರಲಿ. ದಯವಿಟ್ಟು ಮಗುವನ್ನು ಮಡಿಲಲ್ಲಿಟ್ಟುಕೊಂಡು ಮುಂದೆ ಕೂರಬೇಡಿ. ಗಾಡಿ ಸ್ಟಾರ್ಟ್ ಆದ ಮೇಲೂ ಏರ್‌ಬ್ಯಾಗ್ ದೀಪ ಆರದಿದ್ದರೆ, ಘಾಟಿ ಇಳಿಯುವ ಮೊದಲೇ ತೋರಿಸಿ.