ಮೊಣಕೈ ನೋವು ಕಲಿಸಿದ್ದು: ನನ್ನ ಅನುಭವ

ಒದ್ದೆ ಟವೆಲ್ ಹಿಂಡುವಾಗ ಬಲ ಮೊಣಕೈಯ ಒಳಬದಿಯ ಮೂಳೆಗುಬುಟಿನಲ್ಲಿ ಚುಳ್ಳೆಂದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಆಗ ಎರಡು ತಿಂಗಳಿನಿಂದ ಗಾಲ್ಫ್ ಹೊಡೆತಗಳನ್ನು ಅಭ್ಯಾಸ ಮಾಡುವ ಮೈದಾನವಾದ ಡ್ರೈವಿಂಗ್ ರೇಂಜಿನ ಗಟ್ಟಿ ಮ್ಯಾಟಿನ ಮೇಲೆ ದಿನಕ್ಕೆ 100 ಚೆಂಡುಗಳನ್ನು ಹೊಡೆಯುತ್ತಿದ್ದೆ. ಕ್ಲಬ್ಬು, ಅಂದರೆ ಗಾಲ್ಫ್ ಕೋಲು, ಚೆಂಡಿಗಿಂತ ಮೊದಲು ಮ್ಯಾಟಿಗೆ ತಾಗಿದಾಗಲೆಲ್ಲ, ಹುಲ್ಲುನೆಲವಾಗಿದ್ದರೆ ಮಣ್ಣೇ ಹೀರಿಕೊಳ್ಳುತ್ತಿದ್ದ ಹೊಡೆತವು ಮುಂಗೈಗೆ ಏರಿಬರುತ್ತಿತ್ತು.

ಮೂರು ವಾರ ಆಟ ನಿಲ್ಲಿಸಿ ಐಸ್ ಇಟ್ಟೆ. ನೋವು ಇಳಿಯಿತು, ಆದರೆ ಮತ್ತೆ ಆಡಿದ ಮೊದಲ ದಿನವೇ ಮರಳಿತು. ಮಣಿಕಟ್ಟನ್ನು ಬಾಗಿಸುವ ಸ್ನಾಯುಗಳ ರಜ್ಜು (ಟೆಂಡನ್) ಆ ಗುಬುಟಿಗೆ ಅಂಟಿಕೊಂಡಿದೆ, ಹಳೆಯ ನೋವಿನಲ್ಲಿ ಉರಿಯೂತಕ್ಕಿಂತ ಅದರ ಎಳೆಗಳ ಸವೆತವೇ ಹೆಚ್ಚು, ಬರಿಯ ವಿಶ್ರಾಂತಿಯಿಂದ ಅದಕ್ಕೆ ಬಲ ಬರುವುದಿಲ್ಲ ಎಂದು ಫಿಸಿಯೋಥೆರಪಿಸ್ಟ್ ವಿವರಿಸಿದರು. ಕಿರುಬೆರಳಿಗೆ ಜೋಮು ಹಿಡಿಯುತ್ತದೆಯೇ ಎಂದೂ ಕೇಳಿದರು, ಏಕೆಂದರೆ ಆ ಗುಬುಟಿನ ಹಿಂದೆಯೇ ಕಿರುಬೆರಳಿಗೆ ಹೋಗುವ ಅಲ್ನಾರ್ ನರ ಹಾದುಹೋಗುತ್ತದೆ. ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರಗಳ ಉಪಶಮನವನ್ನಷ್ಟೇ ಕೊಡುವುದರಿಂದ ನಾನು ಅದನ್ನು ಬಯಸಲಿಲ್ಲ.

ಮೊದಲ ಎರಡು ವಾರ ಮಣಿಕಟ್ಟನ್ನು ಅಲುಗಿಸದೆ ಭಾರವನ್ನು 45 ಸೆಕೆಂಡು ಹಿಡಿದಿಡುವುದನ್ನು ದಿನವೂ ಐದು ಸಲ ಮಾಡಿದೆ. ಬಳಿಕ ಮುಂಗೈಯನ್ನು ಮೇಜಿನ ಮೇಲೆ ಚಾಚಿ, ಅಂಗೈ ಮೇಲ್ಮುಖವಾಗಿರುವಂತೆ ಹಸ್ತವನ್ನು ಮಾತ್ರ ಅಂಚಿನಾಚೆ ಬಿಟ್ಟು, 1 ಕಿಲೋ ಡಂಬೆಲ್ಲನ್ನು ಎಡಗೈಯಿಂದ ಮೇಲಕ್ಕೆತ್ತಿಕೊಟ್ಟು, ಬಲಗೈಯೊಂದರಿಂದಲೇ ಐದು ಎಣಿಸುತ್ತ ನಿಧಾನವಾಗಿ ಇಳಿಸುವುದನ್ನು ಕಲಿತೆ. ಹೀಗೆ 15ರಂತೆ ಮೂರು ಸುತ್ತು. ಇಳಿಸುವಾಗ ಹತ್ತಕ್ಕೆ ಮೂರರಷ್ಟು ನೋವಿದ್ದರೆ ಅಡ್ಡಿಯಿಲ್ಲ, ಮರುದಿನ ಬೆಳಿಗ್ಗೆ ಹೆಚ್ಚಾಗಿದ್ದರೆ ಭಾರ ಕಡಿಮೆ ಮಾಡಬೇಕು ಎಂಬ ಒಂದೇ ಸೂತ್ರವನ್ನು ಚಾಚೂತಪ್ಪದೆ ಪಾಲಿಸಿದ್ದರಿಂದಲೇ ನಾನು ಗುಣವಾದೆನೆಂಬುದು ನನ್ನ ದೃಢ ನಂಬಿಕೆ. ಎಡ ಮೊಣಕೈಯ ಹೊರಬದಿ ನೋಯುವ ಬಲಗೈ ಆಟಗಾರರೂ ಬಹಳ ಮಂದಿಯಿದ್ದಾರೆ. ಅವರು ಇದನ್ನೇ ಅಂಗೈ ಕೆಳಮುಖವಾಗಿಸಿ ಮಾಡಬೇಕು.

ಸವೆದು ಜಾರುತ್ತಿದ್ದ ಗ್ರಿಪ್‌ಗಳನ್ನು ಬದಲಿಸಿದ ಮೇಲೆ ಕ್ಲಬ್ಬನ್ನು ಬಿಗಿದು ಹಿಡಿಯುವ ಅಭ್ಯಾಸವೂ ತಪ್ಪಿತು. ಆರನೇ ವಾರ ಪಟ್ಟಿಂಗ್ (ಚೆಂಡನ್ನು ಕುಳಿಯತ್ತ ಮೆಲ್ಲಗೆ ಉರುಳಿಸುವುದು), ಎಂಟನೇ ವಾರ ಚಿಪ್ಪಿಂಗ್ (ಹತ್ತಿರದಿಂದ ಹೊಡೆಯುವ ಗಿಡ್ಡ ಹೊಡೆತ), ನಂತರ ಕಡಿಮೆ ದೂರದ ಹೊಡೆತಗಳ ಸಣ್ಣ ಐರನ್‌ಗಳು, ಹದಿಮೂರನೇ ವಾರ ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್. ಈಗ ರೇಂಜಿನಲ್ಲಿ 40 ಚೆಂಡುಗಳಿಗೆ ನಿಲ್ಲಿಸುತ್ತೇನೆ, ಸಾಧ್ಯವಾದಾಗಲೆಲ್ಲ ಹುಲ್ಲಿನ ಮೇಲಿಂದಲೇ ಹೊಡೆಯುತ್ತೇನೆ. ಡಂಬೆಲ್ ಈಗಲೂ ಊಟದ ಮೇಜಿನ ಪಕ್ಕದಲ್ಲೇ ಇದೆ, ವಾರಕ್ಕೆರಡು ಸಲ ಅದಕ್ಕೆ ಕೆಲಸ.