ಡಿವಿಡಿ ತುಂಡಿನಲ್ಲಿ ಪರಮಾಣುವಿನ ಗೆರೆ ನೋಡುವುದು ಹೇಗೆ?

ಸಾಗರ, ತೀರ್ಥಹಳ್ಳಿ ಕಡೆಯ ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಸ್ಕೋಪ್ ಮಾದರಿ ಆಗಾಗ ಕಣ್ಣಿಗೆ ಬೀಳುತ್ತದೆ. ರಟ್ಟಿನ ಡಬ್ಬಿ, ಒಂದು ಹಳೆ ಸಿಡಿ, ಕತ್ತರಿಯಲ್ಲಿ ಕೊರೆದ ಸೀಳು. ಇಣುಕಿದರೆ ಕಾಮನಬಿಲ್ಲು ಕಾಣುತ್ತದೆ, ಎಲ್ಲರಿಗೂ ಖುಷಿ. ಆದರೆ ನೋಡಬೇಕಾದ್ದು ಕಾಮನಬಿಲ್ಲಲ್ಲ, ಗೆರೆ. ಪ್ರತಿ ಬಗೆಯ ಪರಮಾಣುವೂ ತನಗೆ ಮೀಸಲಾದ ಕೆಲವೇ ಬಣ್ಣಗಳನ್ನು ಹೊರಹಾಕುತ್ತದೆ. ಅವು ತೆಳ್ಳಗೆ, ಬೇರೆಬೇರೆಯಾಗಿ ನಿಂತರೆ ಮಾತ್ರ ಅಳೆಯಬಹುದು.

ಮೊದಲು ಪೈಪ್. ರಟ್ಟು ಬೇಡವೇ ಬೇಡ, ನಮ್ಮ ಮಳೆಗಾಲದಲ್ಲಿ ತಿಂಗಳೊಳಗೆ ಸೊಟ್ಟಗಾಗುತ್ತದೆ. ತೋಟಕ್ಕೆ ನೀರಿನ ಲೈನ್ ಹಾಕಿ ಉಳಿದ ಎರಡಿಂಚಿನ ಪಿವಿಸಿ ಪೈಪ್ ಒಂದಡಿ ಸಾಕು. ಒಳಗೆ ಕಪ್ಪು ಕಾಗದ ಸುತ್ತಿ ತೂರಿಸಿ.

ಈಗ ಸ್ಲಿಟ್, ಅಂದರೆ ಬೆಳಕು ಒಳಬರುವ ಸೀಳು. ಹೆಚ್ಚಿನವರ ಕೆಲಸ ಕೆಡುವುದು ಇಲ್ಲೇ. ಕತ್ತರಿಯಿಂದ ಕೊರೆದ ಸೀಳಿನ ಅಂಚು ಎಷ್ಟೇ ನೀಟಾಗಿ ಕಂಡರೂ ಅದರಲ್ಲಿ ಕಾಗದದ ಎಳೆಗಳಿರುತ್ತವೆ. ಅಗಲವೂ ಜಾಸ್ತಿ. ಆನ್‌ಲೈನಿನಲ್ಲಿ ಸಿಗುವ ರಟ್ಟಿನ ಕಿಟ್‌ಗಳದ್ದೂ ಇದೇ ಹಣೆಬರಹ, ಸುಮ್ನೆ ದುಡ್ಡು ದಂಡ. ಶೇವಿಂಗ್ ಬ್ಲೇಡನ್ನೇ ಬಳಸಿ. ಅದನ್ನು ಸುತ್ತಿರುವ ಕಾಗದದಿಂದ ತೆಗೆಯದೆ ಉದ್ದಕ್ಕೆ ಮಡಚಿದರೆ ಟಕ್ ಅಂತ ಎರಡಾಗುತ್ತದೆ. ಈ ಕೆಲಸ ದೊಡ್ಡವರೇ ಮಾಡಲಿ. ಪೈಪಿನ ಎಂಡ್ ಕ್ಯಾಪ್‌ನಲ್ಲಿ ಬೆರಳಗಲದ ಕಿಂಡಿ ಕೊರೆದು, ಅದರ ಮೇಲೆ ಒಂದು ಅರ್ಧವನ್ನು ಇನ್ಸುಲೇಷನ್ ಟೇಪ್‌ನಿಂದ ಅಂಟಿಸಿ. ಸೆಲೋಟೇಪ್ ಬೇಡ, ಥಂಡಿಗೆ ಬಿಟ್ಟುಕೊಳ್ಳುತ್ತದೆ. ಅಂಟಿಸಿದ ಬ್ಲೇಡಿನ ಚೂಪು ಅಂಚಿಗೆ ನೋಟ್‌ಬುಕ್ ಹಾಳೆಯೊಂದನ್ನು ನಿಲ್ಲಿಸಿ ಹಿಡಿಯಿರಿ. ಇನ್ನೊಂದು ಅರ್ಧವನ್ನು ಆಚೆ ಕಡೆಯಿಂದ ಹಾಳೆಗೆ ತಾಗುವಂತೆ ತಂದು ಅಂಟಿಸಿ, ಹಾಳೆಯನ್ನು ಮೆಲ್ಲಗೆ ಎಳೆದುಬಿಡಿ. ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು ಸಂದಿ ಉಳಿಯುತ್ತದೆ.

ಆಮೇಲೆ ಕಿಟಕಿಯತ್ತ ಹಿಡಿದು ನೋಡಿ. ಮೇಲಿಂದ ಕೆಳಗಿನವರೆಗೆ ಬೆಳಕು ಒಂದೇ ಅಗಲ ಇದೆಯಾ? ಒಂದು ತುದಿ ಅಗಲ, ಇನ್ನೊಂದು ಕಿರಿದಾಗಿದ್ದರೆ ಗೆರೆಯೂ ಹಾಗೇ ಬರುತ್ತದೆ. ಬೇಜಾರು ಮಾಡಿಕೊಳ್ಳದೆ ಕಿತ್ತು ಮತ್ತೆ ಅಂಟಿಸಿ. ಮುಂದೆ ಬೇರೆಲ್ಲೂ ಇದನ್ನು ಸರಿಮಾಡಲು ಆಗುವುದಿಲ್ಲ.

ಇನ್ನು ಡಿವಿಡಿ. ಸಿಡಿಯಲ್ಲಿ ಮಿಲಿಮೀಟರಿಗೆ ಸುಮಾರು 625 ಗೀರುಗಳಾದರೆ ಡಿವಿಡಿಯಲ್ಲಿ 1350, ಹಾಗಾಗಿ ಬಣ್ಣಗಳು ಹೆಚ್ಚು ದೂರ ಹರಡುತ್ತವೆ. ಖಾಲಿ ಡಿವಿಡಿ ತನ್ನಿ. ಹೊರ ಅಂಚಿನ ಕಡೆಯಿಂದ ಒಂದು ತುಂಡು ಕತ್ತರಿಸಿ ಚಾಕು ತೂರಿಸಿದರೆ ಎರಡು ಪದರ ಬಿಡಿಸಿಕೊಳ್ಳುತ್ತವೆ. ಪಾರದರ್ಶಕ ಪದರ ಇಟ್ಟುಕೊಂಡು, ಅದರ ನೇರಳೆ ಬಣ್ಣವನ್ನು ಸ್ಪಿರಿಟ್‌ನಲ್ಲಿ ತೊಳೆಯಿರಿ. ಉಜ್ಜಬೇಡಿ, ಬೆರಳೂ ತಾಗಿಸಬೇಡಿ. ಅದರ ಮೂಲಕ ದೂರದ ಬಲ್ಬ್ ನೋಡಿ. ಬಣ್ಣ ಯಾವ ದಿಕ್ಕಿಗೆ ಹರಡುತ್ತದೋ ಸ್ಲಿಟ್ ಅದಕ್ಕೆ ಅಡ್ಡಡ್ಡ ನಿಲ್ಲುವಂತೆ ಪೈಪಿನ ಇನ್ನೊಂದು ತುದಿಗೆ ಅಂಟಿಸಿ.

ನೇರ ನೋಡಿದರೆ ಬರೀ ಬಿಳಿ ಸೀಳು. 'ಸರ್, ಏನೂ ಕಾಣ್ತಿಲ್ಲ' ಅಂತ ಮಕ್ಕಳು ಕೈಬಿಡುವುದು ಇಲ್ಲೇ. ಕಣ್ಣನ್ನು ಡಿವಿಡಿಗೆ ಹತ್ತಿರ ಇಟ್ಟು, ಪಕ್ಕದಿಂದ ಸುಮಾರು 50 ಡಿಗ್ರಿ ಓರೆಯಾಗಿ ನೋಡಬೇಕು.

ಪರೀಕ್ಷೆಗೆ ಹಳೆ ಸಿಎಫ್‌ಎಲ್ ಬಲ್ಬ್‌ನಂಥದ್ದು ಇನ್ನೊಂದಿಲ್ಲ. ಅದರೊಳಗಿನ ಪಾದರಸದ ನೀಲಿ ಗೆರೆಯ ತರಂಗಾಂತರ 436 ನ್ಯಾನೊಮೀಟರ್, ಹಸಿರು 546. ಈ ಹಸಿರಿಗೆ ಅಂಟಿಕೊಂಡ ಹಾಗೆ ಇನ್ನೊಂದು ಹಸಿರು ಇರುತ್ತದೆ, ಬಲ್ಬಿನ ಬಿಳಿ ಲೇಪದಲ್ಲಿರುವ ಲೋಹಧಾತು ಟೆರ್ಬಿಯಮ್‌ನದ್ದು. ಎರಡೂ ಬೇರೆಬೇರೆ ಕಂಡರೆ ಸ್ಲಿಟ್ ಪಾಸು. ಫೋನಿನಲ್ಲಿ ಫೋಟೊ ತೆಗೆದು 436, 546 ಗುರುತು ಹಾಕಿಕೊಳ್ಳಿ. ಅದೇ ನಿಮ್ಮ ಸ್ಕೇಲು. ಫೋನ್ ಅಲ್ಲಾಡಿದರೆ ಸ್ಕೇಲೂ ಹೋಯಿತು, ಪೈಪಿಗೇ ಕಟ್ಟಿಬಿಡಿ.

ಆಮೇಲೆ ಗ್ಯಾಸ್ ಒಲೆಯ ನೀಲಿ ಉರಿಗೆ ಉಪ್ಪುನೀರು ಚಿಮುಕಿಸಿ. 589ರ ಹತ್ತಿರ ಸೋಡಿಯಂನ ಹಳದಿ ಗೆರೆ ಹೊಳೆಯುತ್ತದೆ. ಬಚ್ಚಲ ಒಲೆಯ ಉರಿ ಆಗದು, ಅದರ ಬೆಳಕು ಮಸಿಯದ್ದು, ಇಡೀ ಕಾಮನಬಿಲ್ಲೇ ಬರುತ್ತದೆ. ಹೈಡ್ರೋಜನ್ ನೋಡಬೇಕೆಂದರೆ ಡಿಗ್ರಿ ಕಾಲೇಜಿನ ಲ್ಯಾಬಿನಲ್ಲಿ ಡಿಸ್ಚಾರ್ಜ್ ಟ್ಯೂಬ್ (ಅನಿಲ ತುಂಬಿ ವಿದ್ಯುತ್ ಹಾಯಿಸುವ ಗಾಜಿನ ಕೊಳವೆ) ಕೇಳಿ: 656ರಲ್ಲಿ ಕೆಂಪು, 486, 434. ಅದಕ್ಕೆ ಸಾವಿರಾರು ವೋಲ್ಟ್ ಬೇಕು, ಮನೆಯಲ್ಲಿ ಕೈಹಾಕಬೇಡಿ.

ಹೈಡ್ರೋಜನ್ ಮೇಲೆ ಯಾಕಿಷ್ಟು ಮೋಹ ಅಂದರೆ, ಅದರಲ್ಲಿರುವುದು ಒಂದೇ ಎಲೆಕ್ಟ್ರಾನ್. ಗೆರೆ ಎಲ್ಲಿ ಬೀಳಬೇಕು ಅಂತ ಲೆಕ್ಕ ಹಾಕಿ ಹೇಳಬಹುದು, ಆಮೇಲೆ ಅಳೆದು ಆ ಲೆಕ್ಕವನ್ನೇ ಪರೀಕ್ಷಿಸಬಹುದು. ಜರ್ಮನಿಯ ಗಾರ್ಶಿಂಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಇದರ ಒಂದು ಗೆರೆಯನ್ನು ಸುಮಾರು 15 ಅಂಕಿಗಳವರೆಗೆ ಅಳೆದಿದ್ದಾರೆ. ಅವರಿಗೂ ಸ್ಕೇಲ್ ಬೇಕಲ್ವಾ? ಅದೇ ಆವರ್ತನ ಬಾಚಣಿಗೆ: ಬಾಚಣಿಗೆಯ ಹಲ್ಲುಗಳ ಹಾಗೆ ಸಮ ಅಂತರದಲ್ಲಿ ನಿಂತ ಸಾವಿರಾರು ಲೇಸರ್ ಗೆರೆಗಳು. ಇದೂ ಸೇರಿದ ಕೆಲಸಕ್ಕಾಗಿ ಭೌತವಿಜ್ಞಾನಿಗಳಾದ ಥಿಯೋಡೋರ್ ಹೆನ್ಶ್ ಮತ್ತು ಜಾನ್ ಹಾಲ್ 2005ರ ಭೌತವಿಜ್ಞಾನ ನೊಬೆಲ್‌ನ ಅರ್ಧ ಪಾಲನ್ನು ಹಂಚಿಕೊಂಡರು.

ತೊಡಕು ಮುಂದಿದೆ. ಒಂದು ಎಲೆಕ್ಟ್ರಾನ್ ಕಳೆದುಕೊಂಡ ಹೀಲಿಯಂ ಕೂಡ ಅಷ್ಟೇ ಸರಳ, ಆದರೆ ಅದರಲ್ಲಿ ಎಲೆಕ್ಟ್ರಾನ್ ಒಂದು ಮಟ್ಟದಿಂದ ಮೇಲಿನ ಮಟ್ಟಕ್ಕೆ ಜಿಗಿಯುವ ಇದೇ ಗೆರೆಗೆ 60.8 ನ್ಯಾನೊಮೀಟರಿನ ಎರಡು ಫೋಟಾನ್ (ಬೆಳಕಿನ ಕಣ) ಬೇಕು. ಆ ಅತಿ ನೇರಳಾತೀತ ಬೆಳಕನ್ನು ಗಾಳಿ ನುಂಗಿಬಿಡುತ್ತದೆ, ಗಾಜೂ ನುಂಗುತ್ತದೆ. ಹಾಗಾಗಿ ಎಲ್ಲವೂ ನಿರ್ವಾತದಲ್ಲೇ ಆಗಬೇಕು. ಅಲ್ಲಿಗೂ ಬಾಚಣಿಗೆ ಮಾಡುವ ದಾರಿ ಇದು: ಕನ್ನಡಿಗಳ ನಡುವೆ ಅವಕೆಂಪು ಲೇಸರ್ ಮಿಡಿತಗಳನ್ನು ಕೂಡಿಹಾಕಿ ಬಲಪಡಿಸಿ, ಕ್ಸೆನಾನ್‌ನಂಥ ಅನಿಲದ ಮೇಲೆ ಹಾಯಿಸಿದರೆ, ಹಲವು ಪಟ್ಟು ಹೆಚ್ಚಿನ ಆವರ್ತನದಲ್ಲಿ ಹೊಸ ಬಾಚಣಿಗೆ ಹುಟ್ಟುತ್ತದೆ. ಗಾರ್ಶಿಂಗ್‌ನವರೂ ಅಮೆರಿಕದ ಬೌಲ್ಡರ್‌ನ ಜಿಲಾ (JILA) ಸಂಶೋಧನಾ ಸಂಸ್ಥೆಯವರೂ ಇದನ್ನು 2005ರಲ್ಲೇ ತೋರಿಸಿದರು. 2012ರಲ್ಲಿ ಜಿಲಾದವರು ಅದರಿಂದ 82 ನ್ಯಾನೊಮೀಟರಿನಲ್ಲಿ ಆರ್ಗಾನ್ ಗೆರೆಯನ್ನು ಅಳೆದರು.

ನಿಮ್ಮ ಪೈಪನ್ನು ಮಾತ್ರ ಸೂರ್ಯನತ್ತ ಹಿಡಿಯಬೇಡಿ. ಬಿಸಿಲು ಬಿದ್ದ ಬಿಳಿ ಗೋಡೆ ನೋಡಿದರೂ ಸೂರ್ಯನ ಹೊರಪದರದ ಪರಮಾಣುಗಳು ನುಂಗಿದ ಬಣ್ಣಗಳ ಜಾಗದಲ್ಲಿ ಕಪ್ಪು ಗೆರೆಗಳು ಸಿಗುತ್ತವೆ, ಸ್ಲಿಟ್ ಸರಿಯಿದ್ದರೆ.