ವಿಲ್ಸನ್ನರ 14 ಅಂಶ: ನಾಲ್ಕನೇ ಸಲಕ್ಕೆ ಕೈಹಿಡಿದ ಪಾಠ

"ಹೀಗೆ ಆಟ ಆಡಿಸ್ತಾ ಕೂತರೆ ಪೋರ್ಷನ್ ಯಾವಾಗ ಮುಗಿಸ್ತೀರಿ?" ಸ್ಟಾಫ್ ರೂಮಿನಲ್ಲಿ ಮೂರು ವರ್ಷ ಈ ಮಾತು ಕೇಳಿದೆ. ಈ ವರ್ಷ ಅದೇ ಜನ ನನ್ನ ಚೀಟಿಗಳ ಜೆರಾಕ್ಸ್ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಮಹಾಯುದ್ಧ ಮುಗಿಸಿ ಶಾಂತಿ ತರಲು ಅಮೆರಿಕದ ಅಧ್ಯಕ್ಷ ವಿಲ್ಸನ್ 1918ರ ಜನವರಿ 8ರ ಭಾಷಣದಲ್ಲಿ ಮುಂದಿಟ್ಟ 14 ಅಂಶಗಳನ್ನೂ ಮೊದಲ ವರ್ಷ ಫ್ಲೆಕ್ಸ್ ಮಾಡಿಸಿದೆ. ಸುಮಾರು ನಾನೂರು ರೂಪಾಯಿ, ನನ್ನದೇ ಜೇಬಿನಿಂದ. ತಿಂಗಳು ಬಿಟ್ಟು ಕೇಳಿದರೆ ಯಾರಿಗೂ ಮೂರಕ್ಕಿಂತ ಜಾಸ್ತಿ ನೆನಪಿಲ್ಲ. ಆ ಫ್ಲೆಕ್ಸ್ ಈಗ ನಮ್ಮನೆ ಸೌದೆಗೆ ಹೊದಿಕೆ.

ಮರುವರ್ಷ, ಯುದ್ಧ ಮುಗಿದ ಮೇಲೆ ಗೆದ್ದ ದೇಶಗಳು ಶಾಂತಿಯ ಷರತ್ತು ಬರೆದ ಪ್ಯಾರಿಸ್ ಸಮ್ಮೇಳನವನ್ನು ಕ್ಲಾಸಿನಲ್ಲಿ ಆಡಿಸಿದೆ. ಕ್ಲಾಸಿನ ಮಾತುಗಾರನನ್ನೇ ವಿಲ್ಸನ್ ಮಾಡಿ ಕೆಟ್ಟೆ. ಅರ್ಧ ಗಂಟೆಯಲ್ಲಿ ಅಷ್ಟನ್ನೂ ಪಾಸು ಮಾಡಿಸಿಬಿಟ್ಟ. ವಿಲ್ಸನ್‌ಗೆ ಅಡ್ಡ ನಿಲ್ಲಬೇಕಿದ್ದ ಫ್ರಾನ್ಸಿನ ಪ್ರಧಾನಿ ಕ್ಲೆಮಾಂಸೋ ಆಗಿದ್ದವಳು ಚಪ್ಪಾಳೆ ಬೇರೆ ತಟ್ಟಿದಳು!

ಮೂರನೇ ವರ್ಷ ಇದನ್ನೇ ಊರಿನ ಕೆರೆ ನೀರಿನ ಜಗಳಕ್ಕೆ ಹೊಂದಿಸಿ ನೋಡಿದೆ. ಮಕ್ಕಳ ಮನೆಯವರೇ ಆ ಜಗಳದಲ್ಲಿದ್ದರು. ಕೈಕೈ ಮಿಲಾಯಿಸುವುದು ಬಾಕಿ. ಅವತ್ತೇ ಕೈಬಿಟ್ಟೆ.

ಈ ಸಲ ಒಂದೊಂದು ದೇಶಕ್ಕೂ ಗುಟ್ಟಿನ ಚೀಟಿ ಕೊಟ್ಟೆ. ಬ್ರಿಟನ್ನಿಗೆ: ಸಮುದ್ರ ಎಲ್ಲರಿಗೂ ಮುಕ್ತ ಅನ್ನುವ 2ನೇ ಅಂಶಕ್ಕೆ ಜಪ್ಪಯ್ಯ ಅಂದರೂ ಒಪ್ಪಬೇಡಿ. ವಿಲ್ಸನ್‌ಗೆ: ಏನೇ ಬಿಟ್ಟುಕೊಡಿ, 14ನೆಯದನ್ನು, ಅಂದರೆ ರಾಷ್ಟ್ರಸಂಘವನ್ನು ಬಿಡಬೇಡಿ. ಫ್ರಾನ್ಸಿನ ಚೀಟಿಯಲ್ಲಿ ಏನಿದೆ ಅಂತ ಹೇಳಲ್ಲ. ಆಟದ ಜೀವ ಅಲ್ಲಿದೆ.

ಜರ್ಮನಿಯವರನ್ನು ಜಗುಲಿಯಲ್ಲಿ ಕೂರಿಸಿದೆ. 1919ರಲ್ಲಿ ಆದದ್ದೂ ಅದೇ ಅಲ್ವಾ? ಜನವರಿಯಲ್ಲಿ ಶುರುವಾದ ಸಮ್ಮೇಳನದ ಷರತ್ತುಗಳು ಅವರ ಕೈಸೇರಿದ್ದು ಮೇ 7ಕ್ಕೆ. ಕೊನೆಯ ಹತ್ತು ನಿಮಿಷ ಇದ್ದಾಗ ಒಳಗೆ ಕರೆದು ಓದಿಸಿದೆ. ಯುದ್ಧದ ಹೊಣೆಯನ್ನು ಜರ್ಮನಿಯ ಮೇಲೆ ಹೊರಿಸುವ, ವರ್ಸೇಲ್ಸ್ ಒಪ್ಪಂದದ 231ನೇ ವಿಧಿಗೆ ಬಂದಾಗ ಒಬ್ಬಳು ಕಾಗದ ಎಸೆದಳು. "ಸಾರ್, ಇವರ 14 ಅಂಶ ನಂಬಿ ತಾನೇ ನಾವು ಯುದ್ಧ ನಿಲ್ಲಿಸಿದ್ದು?" ಇಷ್ಟು ಚೆನ್ನಾಗಿ ನಾನೂ ಯಾವತ್ತೂ ಹೇಳಿರಲಿಲ್ಲ.

ಜೆರಾಕ್ಸು, ಎರಡು ನಕ್ಷೆ ಸೇರಿ ನೂರಿಪ್ಪತ್ತು ರೂಪಾಯಿ ಆಗಿರಬಹುದು. ಎರಡು ತಿಂಗಳ ಮೇಲೂ ಮುಕ್ಕಾಲು ಪಾಲು ಮಕ್ಕಳು ಹತ್ತು ಅಂಶ ಹೇಳಿದರು. ಯಾವುದನ್ನು ಯಾರು ಕಿತ್ತುಕೊಂಡರು ಅನ್ನುವುದನ್ನೂ.

ಭಾರತವನ್ನು ಸುಮ್ನೆ ಸೇರಿಸಿದ್ದೆ. ವರ್ಸೇಲ್ಸ್ ಒಪ್ಪಂದಕ್ಕೆ ಬಿಕಾನೇರಿನ ಮಹಾರಾಜ ಗಂಗಾಸಿಂಗ್ ಸಹಿಯೂ ಇದೆಯಲ್ಲ. ಅದೇ ಯುದ್ಧದಲ್ಲಿ, ಈಗ ಇಸ್ರೇಲಿನಲ್ಲಿರುವ ಹೈಫಾದಲ್ಲಿ ಕಾದಾಡಿದ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯ ಕಥೆ ಕೇಳಿದ್ದ ಹುಡುಗನೇ ಆಟದಲ್ಲಿ ಗಂಗಾಸಿಂಗ್. ವಸಾಹತಿನ ಜನರ ಹಿತಕ್ಕೂ ಸಮನಾದ ತೂಕ ಅನ್ನುವ 5ನೇ ಅಂಶ ಓದಿ, "ಹಾಗಾದ್ರೆ ನಮ್ಮದು ಯಾವಾಗ?" ಅಂದ. ವಿಲ್ಸನ್ ಚೀಟಿ ತಿರುಗಿಸಿ ಮುರುಗಿಸಿ ನೋಡಿದ. ಅದಕ್ಕೆ ಉತ್ತರ ನಾನು ಏನೂ ಬರೆದಿರಲಿಲ್ಲ.

ಬೋರ್ಡಿನ ಮೇಲೆ ಎರಡು ತಾರೀಖು ಹಾಕಿದೆ. 1919 ಏಪ್ರಿಲ್ 11: ಜನಾಂಗಗಳೆಲ್ಲ ಸಮಾನ ಅನ್ನುವ ಜಪಾನಿನ ಪ್ರಸ್ತಾಪಕ್ಕೆ 17ರಲ್ಲಿ 11 ಮತ ಬಿದ್ದರೂ, ಒಮ್ಮತ ಇಲ್ಲ ಅಂತ ವಿಲ್ಸನ್ ತಳ್ಳಿಹಾಕಿದ ದಿನ. ಏಪ್ರಿಲ್ 13: ಜಲಿಯನ್‌ವಾಲಾ ಬಾಗ್. ಚರ್ಚೆ ಮುಗಿಯಲೇ ಇಲ್ಲ. ಗಣಿತದವರ ಪೀರಿಯಡ್ ಸಾಲ ತಗೊಂಡೆ, ಇನ್ನೂ ತೀರಿಸಿಲ್ಲ.